ನಲವತ್ತೊಂದನೇ ಇಳಿಜಾರು

ದೋಣಿಯನ್ನು ನೀರಿಗಿಳಿಸುವುದು ಮಗುವನ್ನು ಬಚ್ಚಲಿಗಿಳಿಸಿದಷ್ಟೇ ಸುಲಭ ಎಂದು ತಿಳಿದವರು ಜೇಗೋ ನ್ಯಾನ್‌ಕ್ಯಾರೋನ ಮುಂದೆ ಬಾಯಿ ಬಿಡದಿರುವುದು ಒಳ್ಳೆಯದು. ಬಿಟ್ಟರೆ ಅವನ ಕೋಟಿನ ಒಳಜೇಬಿನಿಂದ ನೀಲಿ ರಟ್ಟಿನ ನೋಟ್‌ಪುಸ್ತಕ ಹೊರಬರುತ್ತದೆ. ಆಮೇಲೆ ನಿಮ್ಮ ಆ ಸಂಜೆಯನ್ನು ನೀವು ಮರೆತುಬಿಡಬೇಕು.

ಆ ಪುಸ್ತಕದಲ್ಲಿ ಇಡೀ ಕಾರ್ನ್‌ವಾಲ್ ಸೀಮೆಯ ಅರವತ್ತಮೂರು ಇಳಿಜಾರುಗಳ ಜಾತಕವಿತ್ತು. ದೋಣಿ ಹೊತ್ತ ಟ್ರೇಲರನ್ನು ಕಾರಿನಿಂದ ಹಿಮ್ಮುಖವಾಗಿ ನೀರಿಗೆ ತಳ್ಳಲು ದಡದಲ್ಲಿ ಹಾಸಿರುತ್ತಾರಲ್ಲ ಕಲ್ಲುಹಾಸು, ಅವು. ಯಾವುದರ ಅಗಲ ಎಷ್ಟು, ಯಾವುದರ ಮೇಲೆ ಪಾಚಿ, ಉಬ್ಬರದ ಯಾವ ಹೊತ್ತಿಗೆ ಎಷ್ಟು ನೀರು, ಖಾಲಿಯಾದ ಟ್ರೇಲರನ್ನು ಎಲ್ಲಿ ನಿಲ್ಲಿಸಬೇಕು, ಅಲ್ಲಿಂದ ಚಹಾದಂಗಡಿಗೆ ಎಷ್ಟು ಹೆಜ್ಜೆ, ಎಲ್ಲವೂ ದುಂಡಗಿನ ಅಕ್ಷರದಲ್ಲಿ. 'ಹದಿನೇಳನೆಯದು: ಕಡಿದು. ಜಾರುತ್ತದೆ. ಮಾವನವರು ಬಿದ್ದ ಸ್ಥಳ' ಎಂಬಂಥ ಐತಿಹಾಸಿಕ ಟಿಪ್ಪಣಿಗಳೂ ಇದ್ದವು. (ಮಾವನವರು ಬಿದ್ದ ನಿಖರವಾದ ಜಾಗಕ್ಕೆ ಕೆಂಪು ಶಾಯಿಯ ಗುರುತೂ ಇತ್ತು.)

ಜೇಗೋ ರೆಡ್‌ರೂತ್ ಪಟ್ಟಣದಲ್ಲಿ ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಬ್ರೇಕನ್ನು ನಂಬಿಕೊಂಡು, ಬದುಕಿ ಬಂದವನು. ಅಂಥವನಿಗೆ ಆತ್ಮವಿಶ್ವಾಸಕ್ಕೆ ಕೊರತೆಯುಂಟೆ? ಕೊರತೆ ಇದ್ದದ್ದು ಒಂದಕ್ಕೇ. ಮನೆಯ ಮುಂದೆ ಐದು ವರ್ಷಗಳಿಂದ ಟ್ರೇಲರ್ ಮೇಲೆ ಕೂತಿದ್ದ 'ಪಫಿನ್' ಎಂಬ ಹದಿನೈದಡಿಯ ದೋಣಿ ಈವರೆಗೆ ನೀರು ಕಂಡಿದ್ದು ನಾಲ್ಕೇ ಸಲ, ಅದೂ ದಡ ಬಿಟ್ಟು ಹೋಗದೆ. ಮಳೆಯನ್ನೂ ಲೆಕ್ಕಕ್ಕೆ ಹಿಡಿದರೆ ಹೆಚ್ಚು, ಅದು ಬೇರೆ ಮಾತು.

ಹಾಗೆಂದು ಹೊರಡುತ್ತಿರಲಿಲ್ಲವೆಂದಲ್ಲ. ಬೇಸಿಗೆಯ ಪ್ರತಿ ಶನಿವಾರ ಹೊರಡುತ್ತಿದ್ದರು. ಹೆಂಡತಿ ಮೆರಿನ್ ಮುಂಜಾನೆಯೇ ಎದ್ದು ಪ್ಯಾಸ್ಟಿ ಬೇಯಿಸುತ್ತಿದ್ದಳು. ಕರ್ಜಿಕಾಯಿಯಂತೆ ಅಂಚು ಮಡಿಚಿದ, ಅಂಗೈಗಿಂತ ದೊಡ್ಡದಾದ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಗೆಡ್ಡೆ ತುಂಬಿದ ಪ್ಯಾಸ್ಟಿ. ಒಬ್ಬರದನ್ನು ಇನ್ನೊಬ್ಬರು ಕಚ್ಚಬಾರದೆಂದು ಅವಳ ಅಜ್ಜಿಯ ಕಾಲದ ಪದ್ಧತಿಯಂತೆ ಒಂದರ ಮೂಲೆಗೆ 'ಜೇ', ಇನ್ನೊಂದರ ಮೂಲೆಗೆ 'ಮೆ' ಎಂದು ಹಿಟ್ಟಿನಲ್ಲೇ ಅಕ್ಷರ ಅಂಟಿಸುತ್ತಿದ್ದಳು. ಆದರೆ ಇಳಿಜಾರಿಗೆ ಹೋದರೆ ಒಂದು ಕಡೆ ಉಬ್ಬರ ಇಳಿದಿರುತ್ತಿತ್ತು, ಇನ್ನೊಂದು ಕಡೆ ಟ್ರೇಲರ್ ನಿಲ್ಲಿಸಲು ಜಾಗವಿರುತ್ತಿರಲಿಲ್ಲ, ಮತ್ತೊಂದು ಕಡೆ ಎರಡೂ ಸರಿಯಿದ್ದರೆ ಇಳಿಜಾರಿನ ಕೋನ ಜೇಗೋನ ಮನಸ್ಸಿಗೆ ಬರುತ್ತಿರಲಿಲ್ಲ. 'ಇದಕ್ಕಿಂತ ಒಳ್ಳೆಯದು ಇಲ್ಲೇ ಆರು ಮೈಲಿ ದೂರದಲ್ಲಿದೆ' ಎಂದು ಹೊರಟು, ಕೊನೆಗೆ ಯಾವುದೋ ಪಾರ್ಕಿಂಗ್ ಮೈದಾನದಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ, ದೋಣಿಯ ಮುಖ ನೋಡುತ್ತ, ಪ್ಯಾಸ್ಟಿ ತಿಂದು ವಾಪಸಾಗುವುದು ವಾಡಿಕೆಯಾಗಿತ್ತು.

ಆಗಸ್ಟ್ ತಿಂಗಳ ಎರಡನೇ ಗುರುವಾರ ಮೆರಿನ್ ತಟ್ಟೆ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದಳು: "ರೀ, ಕ್ಲೆಮೆಂಟ್ ಸೋಮವಾರ ಬರ್ತಾನೆ. ದೋಣಿ ತಗೊಂಡು ಹೋಗೋಕೆ."

ಕ್ಲೆಮೆಂಟ್ ಅವಳ ತಮ್ಮ. ಊರಾಚೆ ಒಂದು ಹೆಂಡದಂಗಡಿ ನಡೆಸುತ್ತಾನೆ.

"ಅವನಿಗ್ಯಾಕೆ ದೋಣಿ? ಬಚ್ಚಲಲ್ಲೇ ಮುಳುಗಿ ಹೋಗೋ ಗಿರಾಕಿ!"

"ಅಂಗಡಿ ಮುಂದೆ ಇಡ್ತಾನಂತೆ. ಒಳಗೆ ಮಣ್ಣು ತುಂಬಿ ಜೆರೇನಿಯಂ ಹೂವು ಹಾಕ್ತಾನಂತೆ."

ಜೇಗೋನ ಕೈಲಿದ್ದ ಚಹಾ ಕಪ್ಪು ಅಲ್ಲೇ ನಿಂತಿತು. ಪಫಿನ್‌ನಲ್ಲಿ ಜೆರೇನಿಯಂ! ತಾನೇ ಮೂರು ಕೋಟು ಬಣ್ಣ ಬಳಿದ ದೋಣಿಯಲ್ಲಿ ಗೊಬ್ಬರ!

"ನೀನು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದೀನಿ ಕಣ್ರೀ. ಐದು ವರ್ಷದಿಂದ ಶನಿವಾರ ಶನಿವಾರ ಕೇಳ್ತಾನೇ ಇದೀನಿ. ಒಂದೇ ಒಂದು ಸಲ ಆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಮರಳಲ್ಲಿ ಕೂತು, ನನ್ನ ಪ್ಯಾಸ್ಟಿ ನಾನು ತಿನ್ನಬೇಕು. ನಾನೇನು ಅಮೆರಿಕಾಕ್ಕೆ ಹೋಗೋಣ ಅಂದ್ನಾ? ನಾನು ಮದುವೆಯಾಗಿದ್ದು ಗಂಡನ್ನೋ, ಪಾರ್ಕಿಂಗ್ ಜಾಗವನ್ನೋ ಅಂತಲೇ ಮರೆತುಹೋಗಿದೆ."

"ಈ ಶನಿವಾರ ನೋಡ್ತಾ ಇರು."

"ನೋಡ್ತೀನಿ. ಈ ಶನಿವಾರ ಅದು ನೀರಿಗಿಳಿದು, ನಾನು ಆಚೆ ದಡ ಮುಟ್ಟಿ, ಚಹಾದ ಹೊತ್ತಿಗೆ ದೋಣಿ ಒಂದು ನೆಲೆಗೆ ಸೇರಿದ್ರೆ, ಕ್ಲೆಮೆಂಟ್‌ಗೆ ಬೇಡ ಅಂತೀನಿ. ಇಲ್ಲಾಂದ್ರೆ ಜೆರೇನಿಯಂ."

ಬೇರೆ ಗಂಡಸಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಜೇಗೋ ಮುಗುಳ್ನಕ್ಕ. ಅವನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಯಾವ ದೋಣಿಗಾರನಿಗೂ ಹೇಳದೆ, ಆಪತ್ಕಾಲಕ್ಕೆಂದು ಕಾದಿರಿಸಿದ್ದ ನಲವತ್ತೊಂದನೇ ನಂಬರಿನ ಇಳಿಜಾರು: ಲ್ಯಾನ್‌ಗಾರಿಕ್ ಎಂಬ ಪುಟ್ಟ ಹಳ್ಳಿ. ನದಿ ಸಮುದ್ರ ಸೇರುವ ಅಳಿವೆ. 'ಕೋನ ಉತ್ತಮ. ಪಾಚಿ ಇಲ್ಲ. ಉಬ್ಬರದ ಹಿಂದೆ ಮುಂದೆ ಎರಡೂವರೆ ಗಂಟೆ ನೀರು. ಟ್ರೇಲರ್: ಸಮುದಾಯ ಭವನದ ಹಿಂದೆ. ಖಾಲಿ. ಯಾವಾಗಲೂ ಖಾಲಿ.' ಕೊನೆಯ ಎರಡು ಪದಗಳ ಕೆಳಗೆ ಎರಡು ಗೆರೆ.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಜೇಗೋ ತನ್ನ ಸಮೀಕ್ಷೆಗಳನ್ನೆಲ್ಲ ನಡೆಸುತ್ತಿದ್ದದ್ದು ಫೆಬ್ರವರಿಯಲ್ಲಿ, ಅದೂ ಮಂಗಳವಾರ. ಆಗ ಕಾರು ಕಲಿಯುವವರು ಕಡಿಮೆ. ಚಳಿಗಾಳಿಯಲ್ಲಿ ಒಂದು ನಾಯಿಯೂ ಹೊರಬರದ ಆ ದಿನಗಳಲ್ಲಿ ಅರಮನೆಯ ಬಾಗಿಲಲ್ಲೂ ಪಾರ್ಕಿಂಗ್ ಖಾಲಿಯೇ ಇರುತ್ತದೆ. ಈ ಸಣ್ಣ ವಿಷಯ ಅವನಿಗೆ ಎಂದೂ ಹೊಳೆದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಲ್ಯಾನ್‌ಗಾರಿಕ್ ತಲುಪಿದಾಗ ಬಿಸಿಲು, ತುಂಬುತ್ತಿರುವ ನೀರು, ಖಾಲಿ ಇಳಿಜಾರು. ಮನೆಗಳ ಮೇಲೆಲ್ಲ ಬಣ್ಣಬಣ್ಣದ ಪತಾಕೆಗಳು.

"ಏನ್ರೀ ಇದು, ಇಷ್ಟೊಂದು ಪತಾಕೆ?" ಎಂದಳು ಮೆರಿನ್.

"ಸೌಂದರ್ಯ ಪ್ರಜ್ಞೆ ಇರೋ ಊರು ಕಣೇ" ಎಂದ ಜೇಗೋ.

ಇಳಿಜಾರಿನ ತಲೆಯ ಮೇಲೊಂದು ಬೆಂಚು. ಎಲ್ಲ ಇಳಿಜಾರುಗಳಿಗೂ ಇಂಥದೊಂದು ಬೆಂಚಿರುತ್ತದೆ, ಅದರ ಮೇಲೊಬ್ಬ ಮುದುಕನಿರುತ್ತಾನೆ, ಹಿಮ್ಮುಖವಾಗಿ ಬರುವವರ ಮಾನ ಕಳೆಯುವುದೇ ಅವನ ವೃತ್ತಿ. ಇಲ್ಲಿನವನ ಹೆಸರು ಆಂಬ್ರೋಸ್. ಅಳಿವೆಯಲ್ಲಿ ಲಂಗರು ಹಾಕಿದ ದೋಣಿಗಳನ್ನು ನೋಡಿಕೊಳ್ಳುವವನು. ಜೇಗೋ ಕನ್ನಡಿ ನೋಡಿದ, ಸ್ಟೀರಿಂಗನ್ನು ಎರಡೇ ಬೆರಳಲ್ಲಿ ತಿರುಗಿಸಿದ, ಕಾರು ಟ್ರೇಲರ್ ಎರಡೂ ಒಂದೇ ಗೆರೆಯಲ್ಲಿ ಸರಸರನೆ ಕೆಳಗಿಳಿದವು. ಪಫಿನ್ ನೀರಿನಲ್ಲಿ ತೇಲಿತು. ಮುದುಕ ಬಾಯಿಂದ ಪೈಪು ತೆಗೆದ.

"ಒಂದೇ ಏಟಿಗೆ ಇಳಿಸಿಬಿಟ್ಯಲ್ಲಪ್ಪಾ! ಟ್ರೇಲರ್ ಎಲ್ಲಿಡ್ತೀಯ?"

"ಭವನದ ಹಿಂದೆ, ತಾತ."

"ಭವನದ ಹಿಂದೆ? ಇವತ್ತಾ?"

"ಜಾಗ ನನಗೆ ಗೊತ್ತು. ನಾನೇ ಬಂದು ನೋಡಿಕೊಂಡು ಹೋಗಿದೀನಿ" ಎಂದು ಜೇಗೋ ತನ್ನ ಕೋಟಿನ ಜೇಬು ತಟ್ಟಿಕೊಂಡ. ಮುದುಕ 'ನಿನ್ನಿಷ್ಟ' ಎಂಬಂತೆ ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡ.

ಭವನದ ಹಿಂದಿನ ಅಂಗಳ ಖಾಲಿಯೇ ಇತ್ತು. ಜೇಗೋಗೆ ಆದ ತೃಪ್ತಿ ಇಷ್ಟಿಷ್ಟಲ್ಲ. ಟ್ರೇಲರನ್ನು ಕಾರಿನಿಂದ ಬಿಚ್ಚಿ, ಪಕ್ಕದಲ್ಲಿ ಅಂದವಾಗಿ ನಿಲ್ಲಿಸಿ, ಅದರ ಮೂತಿಗೆ ತನ್ನ ಪ್ರಸಿದ್ಧ ಫಲಕವನ್ನು ನೇತುಹಾಕಿದ: 'ಅಡ್ಡವಾಗಿದ್ದರೆ ಸಂಕೋಚವಿಲ್ಲದೆ ಬೇರೆ ಕಡೆ ಒಯ್ಯಿರಿ. ವಂದನೆಗಳು. ಜೇ. ನ್ಯಾನ್‌ಕ್ಯಾರೋ.' ಬೀಗ ಹಾಕಲಿಲ್ಲ. ಬೀಗ ಹಾಕುವುದು ಒರಟರ ಲಕ್ಷಣ, ಸಣ್ಣ ಊರುಗಳಲ್ಲಿ ಸೌಜನ್ಯವೇ ಬೀಗ, ಎಂಬುದು ನೋಟ್‌ಪುಸ್ತಕದ ಮೊದಲ ಪುಟದ ಏಳನೇ ನಿಯಮ.

ಆಮೇಲಿನ ಮೂರು ಗಂಟೆಗಳ ಬಗ್ಗೆ ಯಾರೂ ಕುಹಕವಾಡುವಂತಿಲ್ಲ. ಅಷ್ಟು ಚೆನ್ನಾಗಿದ್ದವು. ಆಚೆ ದಡದ ಮರಳಿನಲ್ಲಿ ಮೆರಿನ್ ಚಪ್ಪಲಿ ಬಿಚ್ಚಿ, ಕಾಲು ನೀರಿಗಿಟ್ಟು, 'ಮೆ' ಎಂಬ ಅಕ್ಷರವಿದ್ದ ಮೂಲೆಯಿಂದ ತನ್ನ ಪ್ಯಾಸ್ಟಿ ಕಚ್ಚಿದಳು. ಗಾಳಿಗೆ ಕೂದಲೆಲ್ಲ ಕೆದರಿತ್ತು. ನಗುತ್ತಿದ್ದಳು. ಜೇಗೋಗೆ ಅವಳನ್ನು ನೋಡಿ, ಇಷ್ಟು ಸಣ್ಣ ಸಂತೋಷಕ್ಕೆ ಇವಳನ್ನು ಐದು ವರ್ಷ ಕಾಯಿಸಿದೆನಲ್ಲ ಎಂದು ನಾಚಿಕೆಯೇ ಆಯಿತು.

"ಕ್ಲೆಮೆಂಟ್‌ಗೆ ಫೋನ್ ಮಾಡ್ತೀಯಾ?"

"ಅವಸರ ಬೇಡ. ಚಹಾದ ಹೊತ್ತಿಗೆ ದೋಣಿ ನೆಲೆ ಸೇರಲಿ ಅಂದಿದ್ದೆ."

"ಅದೇನು ದೊಡ್ಡ ವಿಷಯ! ಎರಡು ಗಂಟೆಗೆ ಇಳಿಜಾರು, ಎರಡೂಕಾಲಿಗೆ ಟ್ರೇಲರ್ ಮೇಲೆ, ನಾಲ್ಕಕ್ಕೆ ಮನೆ" ಎಂದ ಜೇಗೋ.

ಹೇಳಿದಂತೆ ಎರಡಕ್ಕೆ ಐದು ನಿಮಿಷವಿರುವಾಗಲೇ ಪಫಿನ್ ಇಳಿಜಾರಿನ ಬುಡ ಮುಟ್ಟಿತು. ನೀರು ಇನ್ನು ಅರ್ಧ ಗಂಟೆಗೆ ಸಾಕಷ್ಟಿತ್ತು. ಅದಾದ ಮೇಲೆ ಕೆಸರು. ದೋಣಿಯ ಹಗ್ಗವನ್ನು ಮೆರಿನ್ ಕೈಗೆ ಕೊಟ್ಟು, "ಹತ್ತೇ ನಿಮಿಷ" ಎಂದು ಜೇಗೋ ಭವನದ ಕಡೆ ನಡೆದ.

ಕಾರು ಇತ್ತು. ಟ್ರೇಲರ್ ಇರಲಿಲ್ಲ.

ಜೇಗೋ ಕಾರಿನ ಸುತ್ತ ಒಂದು ಸಲ ಬಂದ. ಬಗ್ಗಿ ಕಾರಿನ ಕೆಳಗೂ ನೋಡಿದ. (ಹದಿನೆಂಟಡಿಯ ಟ್ರೇಲರ್ ಕಾರಿನ ಕೆಳಗೆ ಹೇಗೆ ಸೇರೀತು ಎಂದು ಕೇಳಬೇಡಿ. ಗಾಬರಿಯಾದವರು ಡಬ್ಬಿಯೊಳಗೂ ನೋಡುತ್ತಾರೆ.) ಅಷ್ಟರಲ್ಲಿ ಬೀದಿಯ ಕಡೆಯಿಂದ ಡೋಲು ತುತ್ತೂರಿಗಳ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಬೀದಿಯ ಎರಡೂ ಬದಿ ಜನವೋ ಜನ. ಲ್ಯಾನ್‌ಗಾರಿಕ್ ಊರಿನ ವರ್ಷಕ್ಕೊಮ್ಮೆಯ ಕಾರ್ನಿವಲ್ ಮೆರವಣಿಗೆ! ಬೆಳಿಗ್ಗೆ ಅಂಗಳ ಖಾಲಿ ಇದ್ದದ್ದು ಊರಿನವರೆಲ್ಲ ಮನೆಯಲ್ಲಿ ವೇಷ ಕಟ್ಟುತ್ತಿದ್ದುದರಿಂದ.

ಟ್ರ್ಯಾಕ್ಟರುಗಳ ಹಿಂದೆ ಒಂದೊಂದೇ ಸ್ತಬ್ಧಚಿತ್ರ ಬಂತು. ಕಡಲ್ಗಳ್ಳರು ಬಂದರು. ಜೇನುಹುಳುಗಳು ಬಂದವು. ಆಮೇಲೆ ಜನರ ಕೂಗು ಮುಗಿಲು ಮುಟ್ಟಿತು. ಹದಿನಾರು ಅಡಿ ಉದ್ದದ, ರಟ್ಟು ಬಟ್ಟೆಗಳಲ್ಲಿ ಮಾಡಿದ, ಕಂದು ಬಣ್ಣದ, ಅಂಚು ಮಡಿಚಿದ ಮಹಾಪ್ಯಾಸ್ಟಿಯೊಂದು ತೇಲುತ್ತ ಬಂತು. ತಾಯಿಯ ಮಡಿಲಲ್ಲಿ ಮಗು ಕೂತಂತೆ ಅದು ಜೇಗೋನ ಟ್ರೇಲರಿನಲ್ಲಿ ಕೂತಿತ್ತು. ಮೂತಿಯಲ್ಲಿ ಅವನದೇ ಫಲಕ ತೂಗಾಡುತ್ತಿತ್ತು.

ಪ್ಯಾಸ್ಟಿಯ ಹೊಟ್ಟೆಯಿಂದ ಟರ್ನಿಪ್, ಈರುಳ್ಳಿ, ಮಾಂಸದ ತುಂಡುಗಳ ವೇಷ ಹಾಕಿದ ಹೆಂಗಸರು ತಲೆ ಹೊರಹಾಕಿ ಕೈಬೀಸುತ್ತಿದ್ದರು. ಜೇಗೋ ಪಕ್ಕದಲ್ಲೇ ಓಡತೊಡಗಿದ.

"ನಿಲ್ಲಿಸಿ! ಅದು ನನ್ನ ಟ್ರೇಲರ್!"

"ಓ, ನ್ಯಾನ್‌ಕ್ಯಾರೋ ಅವರು ನೀವೇನಾ!" ಎಂದಿತು ಈರುಳ್ಳಿ. ಅದು ಊರಿನ ಮಹಿಳಾ ಮಂಡಳಿಯ ಅಧ್ಯಕ್ಷೆ ಹೋಸ್ಕಿಂಗ್ ಮೇಡಂ. "ದೇವರು ಬಂದ ಹಾಗೆ ಬಂದ್ರಿ ನೋಡಿ! ಮಧ್ಯಾಹ್ನ ನಮ್ಮ ಗಾಡಿಯ ಅಚ್ಚು ಮುರಿದುಹೋಯ್ತು. ಮೂರು ತಿಂಗಳ ಕೆಲಸ, ಎಲ್ಲರೂ ಅಳ್ತಾ ಕೂತಿದ್ವಿ. ನೋಡಿದ್ರೆ ನಿಮ್ಮ ಬೋರ್ಡು! ಇಂಥ ಮನುಷ್ಯರೂ ಇದಾರಲ್ಲ ಅಂತ ನಮ್ಮ ಕಾರ್ಯದರ್ಶಿ ಇನ್ನೊಂದು ಸಲ ಅತ್ತಳು."

"ಮೇಡಂ, ಅಲ್ಲಿ ನನ್ನ ಹೆಂಡತಿ ಹಗ್ಗ ಹಿಡ್ಕೊಂಡು ನಿಂತಿದಾಳೆ. ನೀರು ಇಳೀತಿದೆ. ಈಗಲೇ ಬೇಕು!"

"ಈಗ ಹೇಗಪ್ಪಾ ಆಗುತ್ತೆ? ಹಿಂದೆ ಹನ್ನೊಂದು ಟ್ರ್ಯಾಕ್ಟರ್, ಮುಂದೆ ಬ್ಯಾಂಡು. ಈ ಬೀದೀಲಿ ತಿರುಗಿಸೋಕೆ ಆಗುತ್ತಾ? ಮೇಷ್ಟ್ರ ಹಾಗೆ ಕಾಣ್ತೀರ, ನೀವೇ ಹೇಳಿ."

ಜೇಗೋ ಬೀದಿಯ ಅಗಲ ನೋಡಿದ. ಆಗುವುದಿಲ್ಲ ಎಂದು ಇಪ್ಪತ್ತೆರಡು ವರ್ಷಗಳ ಅನುಭವ ಹೇಳಿತು.

"ಎರಡೇ ಸುತ್ತು. ಆಮೇಲೆ ಬಹುಮಾನ. ನೀವೂ ಹತ್ತಿ, ನಿಮ್ಮ ಟ್ರೇಲರ್ ಜೊತೆಗೇ ಇದ್ದ ಹಾಗಾಗುತ್ತೆ. ನಮ್ಮ ಆಲೂಗಡ್ಡೆಗೆ ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡಿದೆ, ವೇಷ ಖಾಲಿ ಇದೆ."

ಹೀಗೆ ಸೀಮೆಯ ಅತಿ ದೊಡ್ಡ ಇಳಿಜಾರು ತಜ್ಞನು ಗೋಣಿಬಟ್ಟೆ ತೊಟ್ಟು, ಆಲೂಗಡ್ಡೆಯಾಗಿ, ತನ್ನದೇ ಟ್ರೇಲರಿನ ಮೇಲೆ ಲ್ಯಾನ್‌ಗಾರಿಕ್ ಊರಿನ ಎರಡು ಪ್ರದಕ್ಷಿಣೆ ಬಂದನು. ಎರಡನೇ ಸುತ್ತಿನಲ್ಲಿ ಜನರ ನಡುವಿನಿಂದ ಪರಿಚಿತ ದನಿಯೊಂದು ಕೇಳಿತು. ಮೂರು ಸಲ ಪರೀಕ್ಷೆಯಲ್ಲಿ ನಪಾಸಾಗಿದ್ದ ಅವನ ಶಿಷ್ಯೆ ಕೆರೆನ್ಸಾ.

"ಸಾರ್! ಸೀಟ್ ಬೆಲ್ಟ್ ಹಾಕಿಲ್ಲ ಸಾರ್ ನೀವು!"

ಆಲೂಗಡ್ಡೆ ತಲೆಯನ್ನು ಪ್ಯಾಸ್ಟಿಯೊಳಗೆ ಎಳೆದುಕೊಂಡಿತು.

ನಾಲ್ಕೂವರೆಗೆ ಮೊದಲ ಬಹುಮಾನದ ಬೆಳ್ಳಿ ಬಟ್ಟಲು ಪ್ಯಾಸ್ಟಿಗೇ ಬಂತು. ಫೋಟೋ, ಭಾಷಣ, ಚಪ್ಪಾಳೆ ಎಲ್ಲ ಮುಗಿಯುವ ಹೊತ್ತಿಗೆ ಜೇಗೋ ವೇಷವನ್ನೂ ಕಳಚದೆ ಇಳಿಜಾರಿಗೆ ಓಡಿದ. ನೀರು ಯಾವಾಗಲೋ ಹೋಗಿತ್ತು. ಇಳಿಜಾರಿನ ಬುಡದಲ್ಲಿ ಹೊಳೆಯುವ ಕೆಸರು, ನಾಲ್ಕು ಕಡಲಹಕ್ಕಿ. ದೋಣಿಯೂ ಇಲ್ಲ, ಹೆಂಡತಿಯೂ ಇಲ್ಲ.

"ಮೆರಿನ್!" ಎಂದು ಕೂಗಿದ. ದೋಣಿ ಹಾಳಾಗಲಿ, ಜೆರೇನಿಯಂ ಅಲ್ಲ ಕುಂಬಳಬಳ್ಳಿ ಬೇಕಾದರೂ ಬೆಳೆಯಲಿ, ಅವಳೊಬ್ಬಳು ಸಿಕ್ಕರೆ ಸಾಕು ಎಂದು ಆ ಕ್ಷಣಕ್ಕೆ ನಿಜವಾಗಿ ಅನಿಸಿತು.

"ಇಲ್ಲೇ ಇದೀನಿ ಕಣ್ರೀ, ಊರಿಗೆಲ್ಲ ಕೇಳೋ ಹಾಗೆ ಯಾಕೆ ಕೂಗ್ತೀರ?"

ಬೆಂಚಿನ ಮೇಲೆ ಆಂಬ್ರೋಸ್ ತಾತನ ಪಕ್ಕ ಮೆರಿನ್ ಕೂತಿದ್ದಳು. ನಡುವೆ ಚಹಾದ ತಟ್ಟೆ. ಸ್ಕೋನ್ ಎಂಬ ಪುಟ್ಟ ಬನ್ನಿಗೆ ಮೊದಲು ಜಾಮು, ಅದರ ಮೇಲೆ ಕೆನೆ, ಕ್ರಮವಾಗಿ ಹಚ್ಚುತ್ತಿದ್ದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಿದು?"

"ಆಲೂಗಡ್ಡೆ" ಎಂದ ಜೇಗೋ. "ದೋಣಿ?"

ಅವಳು ಚಮಚದಿಂದ ಅಳಿವೆಯ ನಡುವಿನತ್ತ ತೋರಿಸಿದಳು. ಇಳಿತದಲ್ಲೂ ಆರದ ಆಳದ ನೀರಿನಲ್ಲಿ ತಳಕ್ಕೆ ಬಿಗಿದ ಹಳದಿ ತೇಲುಗುಂಡೊಂದಕ್ಕೆ ಕಟ್ಟಿಸಿಕೊಂಡು ಪಫಿನ್ ಹಾಯಾಗಿ ತೂಗುತ್ತಿತ್ತು.

"ನೀವು ಹತ್ತು ನಿಮಿಷ ಅಂದ್ರಿ. ಅರ್ಧ ಗಂಟೆ ಕಾದೆ. ಆಮೇಲೆ ತಾತನೇ ಬಂದು ಕಟ್ಟಿಕೊಟ್ರು. ಆ ಗುಂಡಿನ ಯಜಮಾನ ಊರು ಬಿಟ್ಟು ಡೆವನ್‌ಗೆ ಹೋದನಂತೆ."

"ಆ ಹೆಸರು ಇಲ್ಲಿ ಹೇಳಬೇಡಮ್ಮಾ" ಎಂದ ಆಂಬ್ರೋಸ್, ಪಕ್ಕದ ಸೀಮೆಯ ಹೆಸರು ಕೇಳಿದ್ದಕ್ಕೇ ಮುಖ ಸಿಂಡರಿಸಿ. "ಜಾಮಿಗಿಂತ ಮುಂಚೆ ಕೆನೆ ಹಚ್ಚೋ ಜನ."

"ಇನ್ಮೇಲೆ ಆ ಗುಂಡು ನಮ್ಮದು. ದೋಣಿ ಇಲ್ಲೇ ನೀರಲ್ಲೇ ಇರುತ್ತೆ. ಕ್ಲೆಮೆಂಟ್‌ಗೆ ಫೋನ್ ಮಾಡಿ ಬೇಡ ಅಂದೆ. ದೋಣಿ ನೆಲೆ ಸೇರಿದ್ರೆ ಅಂತ ತಾನೇ ನಾನು ಅಂದಿದ್ದು? ಸೇರಿತು."

ಜೇಗೋಗೆ ಕಣ್ಣು ತುಂಬಿ ಬಂತು. ಪಫಿನ್ ಉಳಿಯಿತು! ಹೆಂಡತಿಯ ಕೈ ಹಿಡಿದುಕೊಂಡ; ಗೋಣಿಯ ಧೂಳು ಅವಳ ಸ್ಕೋನಿಗೆ ಉದುರಿತು. ಆಮೇಲೆ ಕೇಳಿದ:

"ಹಾಗಾದ್ರೆ ಟ್ರೇಲರ್?"

"ಇನ್ನು ಅದ್ಯಾಕೆ ನಮಗೆ? ಸುತ್ತಿನ ಮಧ್ಯೆ ಹೋಸ್ಕಿಂಗ್ ಮೇಡಂ ಕೇಳಿ ಕಳಿಸಿದ್ರು, ಪ್ಯಾಸ್ಟಿಗೆ ಅಚ್ಚಿನಲ್ಲಿ ಎರೆದ ಹಾಗೆ ಕೂತಿದೆ ಅಂತ. ಇಟ್ಕೊಳ್ಳಿ ಅಂದೆ. ನೀವೇ ಬೋರ್ಡು ಹಾಕಿದ್ರಲ್ಲ, ಸಂಕೋಚವಿಲ್ಲದೆ ಅಂತ."

ಜೇಗೋ ಗೋಣಿಯೊಳಗೆ ಕೈ ತೂರಿಸಿ ನೋಟ್‌ಪುಸ್ತಕ ಮುಟ್ಟಿ ನೋಡಿಕೊಂಡ. ಅರವತ್ತಮೂರು ಇಳಿಜಾರುಗಳು! ಥಟ್ಟನೆ ಅವನ ಮುಖ ಅರಳಿತು.

"ಇರು, ಇರು. ದೋಣಿ ನಡುನೀರಲ್ಲಿದ್ರೆ ಅಲ್ಲಿಗೆ ಹೋಗೋಕೆ ಒಂದು ಸಣ್ಣ ಹುಟ್ಟುದೋಣಿ ಬೇಡವಾ? ಅದನ್ನ ಇಳಿಸೋಕೆ ಒಂದು ಒಳ್ಳೆ ಜಾಗ..."

"ಬೆಂಚಿನ ಪಕ್ಕ ಗಂಟೆ ಇದೆ ನೋಡಪ್ಪಾ" ಎಂದ ಆಂಬ್ರೋಸ್. "ಅದನ್ನ ಬಾರಿಸಿದ್ರೆ ನಾನೇ ಹುಟ್ಟು ಹಾಕಿ ಬಿಟ್ಟು ಬರ್ತೀನಿ."

ಮುಂದಿನ ಶನಿವಾರ ಇಬ್ಬರೂ ಲ್ಯಾನ್‌ಗಾರಿಕ್‌ಗೆ ಬಂದರು. ಹಿಂದೆ ಟ್ರೇಲರಿನ ಭಾರವಿಲ್ಲದೆ ಕಾರು ಹಗುರಾಗಿ ಓಡಿತು. ಜೇಗೋ ಹಾಡು ಗುನುಗುತ್ತಿದ್ದ. ಮೆರಿನ್ ಬೆಂಚಿನ ಬಳಿ ಪ್ಯಾಸ್ಟಿ ಬುಟ್ಟಿಯೊಂದಿಗೆ ಇಳಿದು, "ಬೇಗ ಕಾರು ನಿಲ್ಲಿಸಿ ಬನ್ನಿ" ಎಂದು ಗಂಟೆ ಬಾರಿಸಿದಳು.

ಆಗಸ್ಟ್ ತಿಂಗಳು, ಬಿಸಿಲು, ರಜಾದ ಜನ. ಒಂದು ಬೀದಿಯಲ್ಲೂ ಒಂದು ಕಾರಿನ ಜಾಗವಿರಲಿಲ್ಲ. ಜೇಗೋ ಊರನ್ನು ಒಂದು ಸುತ್ತು ಬಂದ, ಎರಡು ಸುತ್ತು ಬಂದ. (ಆ ಹಾದಿ ಅವನಿಗೆ ಬಾಯಿಪಾಠವಾಗಿತ್ತು.) ಮೂರನೇ ಸುತ್ತಿನಲ್ಲಿ ಮನೆಗಳ ಸಂದಿನಿಂದ ಪಫಿನ್ ಅಳಿವೆ ದಾಟುತ್ತಿರುವುದು ಕಾಣಿಸಿತು. ಚುಕ್ಕಾಣಿ ಮೆರಿನ್ ಕೈಯಲ್ಲಿತ್ತು. ಆಂಬ್ರೋಸ್ ತಾತ ಏನನ್ನೋ ಕಚ್ಚಿ ತಿನ್ನುತ್ತಿದ್ದ. ಮೂಲೆಯಲ್ಲಿ 'ಜೇ' ಇದ್ದದ್ದೇ ಇರಬೇಕು.

ಜೇಗೋ ಎದೆಗುಂದಲಿಲ್ಲ. ಇಂಥ ಗಳಿಗೆಗೆಂದೇ ಅಲ್ಲವೆ ನೋಟ್‌ಪುಸ್ತಕ ಇರುವುದು? 'ಸಮುದಾಯ ಭವನದ ಹಿಂದೆ. ಯಾವಾಗಲೂ ಖಾಲಿ.' ಸ್ಟೀರಿಂಗನ್ನು ಎರಡೇ ಬೆರಳಲ್ಲಿ ತಿರುಗಿಸಿ ಅಂಗಳದೊಳಗೆ ಹೊಕ್ಕ. ಕಾರುಗಳೆಲ್ಲ ಒತ್ತೊತ್ತಾಗಿ ನಿಂತಿದ್ದವು. ಒಂದೇ ಒಂದು ಕಾರು ಹಿಡಿಸುವಷ್ಟು ಜಾಗವಿದ್ದ ಕಡೆ, ಟಾರ್ಪಾಲಿನ್ ಹೊದ್ದ ಮಹಾಪ್ಯಾಸ್ಟಿಯನ್ನು ಹೊತ್ತುಕೊಂಡು ಅವನ ಹಳೆಯ ಟ್ರೇಲರ್ ನಿಂತಿತ್ತು. ಮೂತಿಯಲ್ಲಿ ಅವನದೇ ದುಂಡಗಿನ ಅಕ್ಷರ: 'ಅಡ್ಡವಾಗಿದ್ದರೆ ಸಂಕೋಚವಿಲ್ಲದೆ ಬೇರೆ ಕಡೆ ಒಯ್ಯಿರಿ.'

ಜೇಗೋ ಕಾರಿನಿಂದ ಇಳಿದ, ಅಂಗಿಯ ತೋಳು ಮಡಿಚಿದ, ಸಂಕೋಚವಿಲ್ಲದೆ ತಳ್ಳಿದ. ಅಲುಗಲಿಲ್ಲ. ಬಗ್ಗಿ ನೋಡಿದರೆ ಚಕ್ರಕ್ಕೆ ಮಹಿಳಾ ಮಂಡಳಿಯವರು ತೆಂಗಿನಕಾಯಿ ಗಾತ್ರದ ಬೀಗ ಹಾಕಿದ್ದರು.